ನಾಲ್ಕನೆಯವರಾಗಿ ಸೇರುವುದು

ಹೊಸ ಊರಿಗೆ ಹೋದವರಿಗೆ ಮನೆ, ಹಾಲು, ಪೇಪರು ಬೇಗ ಹೊಂದಿಕೆಯಾಗುತ್ತವೆ. ಜೊತೆಗೆ ಆಡುವವರು ಸಿಗುವುದು ತಡ. ಅದರಲ್ಲೂ ಗಾಲ್ಫ್ ಅಂದರೆ ಹದಿನೆಂಟು ಕುಳಿ ಮುಗಿಸಲು ನಾಲ್ಕು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಮುಖಪರಿಚಯವಿಲ್ಲದವರ ಜೊತೆ ನಡೆಯಲು ಯಾರಿಗಾದರೂ ಸಂಕೋಚವೇ. ಆದರೂ ಅಪರಿಚಿತರ ಜೊತೆ ಸೇರಿ ಆಡುವುದು ಈ ಆಟಕ್ಕೆ ಹೊಸದಲ್ಲ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಪಟ್ಟಣದ ಓಲ್ಡ್ ಕೋರ್ಸ್ ಜಗತ್ತಿನ ಅತಿ ಹಳೆಯ ಗಾಲ್ಫ್ ಅಂಗಳಗಳಲ್ಲೊಂದು. ಹೆಸರು ದೊಡ್ಡದಾದರೂ ಅದು ಸಾರ್ವಜನಿಕರದು. ಒಬ್ಬಂಟಿಯಾಗಿ ಬಂದವರು ಅಲ್ಲಿ ಬೆಳಕು ಹರಿಯುವ ಮೊದಲೇ ಸಾಲು ನಿಲ್ಲುತ್ತಿದ್ದರು. ನಾಲ್ವರು ಆಡಬಹುದಾದ ಯಾವುದಾದರೂ ಗುಂಪಿನಲ್ಲಿ ಮೂವರೇ ಇದ್ದರೆ ನಾಲ್ಕನೆಯವರಾಗಿ ಸೇರಿಕೊಳ್ಳುತ್ತಿದ್ದರು. 2024ರಿಂದ ಆ ಸಾಲಿನ ಬದಲು ಹಿಂದಿನ ದಿನವೇ ಚೀಟಿ ಎತ್ತುತ್ತಾರೆ. ಅನುಕೂಲವೇನೋ ನಿಜ. ಆದರೆ ಚಳಿಯಲ್ಲಿ ನಿಂತು ಆಗುತ್ತಿದ್ದ ಸ್ನೇಹ ಹೋಯಿತಲ್ಲ ಅನ್ನಿಸುತ್ತದೆ ನನಗೆ.

ಅಪರಿಚಿತರನ್ನು ಕೂಡಿಸುವ ಉಪಾಯ ಈ ಆಟದೊಳಗೇ ಇದೆ: ಹ್ಯಾಂಡಿಕ್ಯಾಪ್. ಪಳಗಿದವರಿಗೂ ಕಲಿಯುವವರಿಗೂ ನಡುವಿನ ಅಂತರವನ್ನು ಹೊಡೆತಗಳ ರಿಯಾಯಿತಿ ತುಂಬಿಬಿಡುತ್ತದೆ. 2020ರಲ್ಲಿ ಇದಕ್ಕೊಂದು ಜಾಗತಿಕ ಪದ್ಧತಿಯೇ ಬಂತು. ಬೆಂಗಳೂರಿನಲ್ಲಿ ಪಡೆದ ಹ್ಯಾಂಡಿಕ್ಯಾಪ್ ಅಂಕ ಸ್ಕಾಟ್ಲೆಂಡಿನಲ್ಲೂ ಅರ್ಥವಾಗುತ್ತದೆ. ನಾನು ಹೇಗೆ ಆಡುತ್ತೇನೆಂದು ಕೊಚ್ಚಿಕೊಳ್ಳುವ ಕಷ್ಟವಿಲ್ಲ.

ಹೊಸ ಕ್ಲಬ್ಬಿಗೆ ಹೋದರೆ, ಆಟ ಶುರುಮಾಡಿಸುವ ಸ್ಟಾರ್ಟರ್ ಹತ್ತಿರ ಒಂದೇ ಪ್ರಶ್ನೆ ಕೇಳಿ: ಮೂವರೇ ಇರುವ ಗುಂಪು ಯಾವುದಾದರೂ ಇದೆಯೇ?