ಕೀ ಹೋಲ್ ಆಪರೇಷನ್ನೋ, ಹೊಟ್ಟೆ ತೆರೆಯುವ ಆಪರೇಷನ್ನೋ?

(ಸ್ವಸಹಾಯ ಸಂಘಗಳ ಸದಸ್ಯೆಯರ ಆರೋಗ್ಯ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲ, ಮರುಪಾವತಿ, ಪುಸ್ತಕ ಬರವಣಿಗೆ – ಪ್ರತಿ ಸಭೆಯಲ್ಲೂ ಇವುಗಳ ಬಗ್ಗೆ ಮಾತಾಡುತ್ತೇವೆ. ಈ ಸಲ ಹೊಟ್ಟೆನೋವಿನ ಬಗ್ಗೆ ಮಾತಾಡೋಣ ಅಂತ ನಾವು ಬಂದಿದ್ದೇವೆ. ಅದಕ್ಕೆ ಕಾರಣವಿದೆ.

ನಮ್ಮ ಸಂಘವೊಂದರ ಸದಸ್ಯೆಗೆ ಒಂದು ಸೋಮವಾರ ಸಂಜೆ ಹೊಕ್ಕುಳ ಸುತ್ತ ನೋವು ಶುರುವಾಯಿತು. “ಗ್ಯಾಸ್ಟ್ರಿಕ್ ಇರಬೇಕು ಬಿಡಿ” ಅಂತ ಓಂಕಾಳು ಅಗಿದು ಮಲಗಿದರು. ಮಂಗಳವಾರ ನೋವು ಬಲಗಡೆ ಕೆಳಹೊಟ್ಟೆಗೆ ಇಳಿಯಿತು, ವಾಂತಿಯೂ ಆಯಿತು. ಆದರೂ ತೋಟದ ಕೆಲಸಕ್ಕೆ ಹೋದರು. ಬುಧವಾರ ರಾತ್ರಿ ನೋವು ಒಮ್ಮೆಲೇ ಇಳಿಯಿತು. “ಸದ್ಯ, ದೇವರು ದೊಡ್ಡವನು” ಅಂದುಕೊಂಡರು. ಗುರುವಾರ ಬೆಳಿಗ್ಗೆ ನೋಡಿದರೆ ಹೊಟ್ಟೆಯೆಲ್ಲ ಹಲಗೆಯ ಹಾಗೆ ಗಟ್ಟಿ, ಮೈಯೆಲ್ಲ ಬೆಂಕಿಯಂಥ ಜ್ವರ.

ಹತ್ತಿರದ ಆಸ್ಪತ್ರೆಯ ಸರ್ಜನ್ ಸ್ಕ್ಯಾನ್ ನೋಡಿ, “ಅಪೆಂಡಿಕ್ಸ್ ಒಡೆದು ಕೀವು ಹರಡಿದೆ. ಇವತ್ತೇ ಆಪರೇಷನ್ ಆಗಬೇಕು. ನಮ್ಮಲ್ಲಿ ಹೊಟ್ಟೆ ತೆರೆದೇ ಮಾಡೋದು” ಅಂದರು. ಆಗ ನೆಂಟರೊಬ್ಬರು, “ಈಗಿನ ಕಾಲದಲ್ಲಿ ಯಾರು ಹೊಟ್ಟೆ ಕೊಯ್ಯಿಸ್ಕೊಳ್ತಾರೆ? ಪೇಟೆಗೆ ಕರ್ಕೊಂಡು ಹೋಗಿ ಕೀ ಹೋಲ್ ಮಾಡಿಸೋಣ” ಅಂದರು. ಹಣ ಹೊಂದಿಸಿ, ಗಾಡಿ ಹಿಡಿಯುವಷ್ಟರಲ್ಲಿ ಇನ್ನೊಂದು ರಾತ್ರಿ ಕಳೆಯಿತು. ಪೇಟೆಯಲ್ಲೂ ಕೀ ಹೋಲ್‌ನಲ್ಲಿ ಶುರುಮಾಡಿ ಕೊನೆಗೆ ಹೊಟ್ಟೆ ತೆರೆಯಲೇಬೇಕಾಯಿತು. ಆಕೆ ಬದುಕಿಕೊಂಡರು. ಆದರೆ ಎರಡು ವಾರ ಆಸ್ಪತ್ರೆಯಲ್ಲೇ ಇರಬೇಕಾಯಿತು.

ಈ ಘಟನೆಯಾದ ಮೇಲೆ ನೀವು ಕೇಳಿದ ಪ್ರಶ್ನೆ ಒಂದೇ: “ಯಾವ ಆಪರೇಷನ್ ಒಳ್ಳೆಯದು?”

ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ, ಬಲಗಡೆ ಕೆಳಹೊಟ್ಟೆಯಲ್ಲಿ, ಬೆರಳಿನಂತೆ ಜೋತುಬಿದ್ದಿರುವ ಸಣ್ಣ ಚೀಲ. ಗಟ್ಟಿಯಾದ ಮಲದ ತುಣುಕು ಅಥವಾ ಒಳಗಿನ ಊತ ಅದರ ಬಾಯಿ ಮುಚ್ಚಿದರೆ ಅದು ಬಾತುಕೊಳ್ಳುತ್ತದೆ. ರಕ್ತ ಓಡಾಟ ನಿಂತು ಕೊಳೆಯುತ್ತದೆ, ಕೊನೆಗೆ ಒಡೆಯುತ್ತದೆ. ನೋವು ಶುರುವಾದ ಒಂದೆರಡು ದಿನದಲ್ಲೇ ಹೀಗಾಗಬಹುದು. ಒಡೆದಾಗ ಒಳಗಿನ ಬಿಗಿತ ಇಳಿದು ಸ್ವಲ್ಪ ಹೊತ್ತು ನೋವು ಕಡಿಮೆಯಾದಂತೆ ಕಾಣಬಹುದು. ಅದು ವಾಸಿಯಾದ ಗುರುತಲ್ಲ, ಮೋಸ. ಕೊಳೆತ, ಒಡೆದ, ಕೀವು ತುಂಬಿದ ಅಪೆಂಡಿಕ್ಸನ್ನೇ ‘ತೀವ್ರ’ ಅನ್ನುವುದು.

ಹೊಟ್ಟೆ ತೆರೆಯುವ ವಿಧಾನ ನೂರು ವರ್ಷಕ್ಕೂ ಹಳೆಯದು. ಬಲಗಡೆ ಕೆಳಗೆ ಕೊಯ್ದು ಅಪೆಂಡಿಕ್ಸ್ ತೆಗೆಯುತ್ತಾರೆ. ಕೀವು ಹರಡಿದ್ದರೆ ಗಾಯ ಇನ್ನೂ ದೊಡ್ಡದಾಗಬಹುದು, ನಡುಹೊಟ್ಟೆಯಲ್ಲೂ ಕೊಯ್ಯಬೇಕಾಗಬಹುದು. ಕೀ ಹೋಲ್‌ನಲ್ಲಿ, ಅಂದರೆ ಲ್ಯಾಪ್ರೋಸ್ಕೋಪಿಯಲ್ಲಿ, ಹೊಟ್ಟೆಗೆ ಗ್ಯಾಸ್ ತುಂಬಿ ಸಾಮಾನ್ಯವಾಗಿ ಮೂರು ಸಣ್ಣ ರಂಧ್ರ ಮಾಡುತ್ತಾರೆ. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಸಲಕರಣೆ. ಟಿ.ವಿ. ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ಈ ರೀತಿ ಮೊದಲು ಅಪೆಂಡಿಕ್ಸ್ ತೆಗೆದವರು ಜರ್ಮನಿಯ ಕುರ್ಟ್ ಸೆಮ್, 1980ರಲ್ಲಿ. ಅವರು ಸ್ತ್ರೀರೋಗ ತಜ್ಞರು.

ಕೀ ಹೋಲ್‌ನ ಲಾಭಗಳು ನಿಜವೇ. ನೋವು ಕಡಿಮೆ. ಗಾಯ ಕೀವಾಗುವುದು ಕಡಿಮೆ. ಒಡೆದ ಅಪೆಂಡಿಕ್ಸ್‌ನಲ್ಲಿ ಇದು ದೊಡ್ಡ ಮಾತು, ಯಾಕೆಂದರೆ ಕೊಳೆ ದೊಡ್ಡ ಗಾಯಕ್ಕೆ ಸುಲಭವಾಗಿ ತಾಗುತ್ತದೆ. ಮನೆಗೂ ಕೆಲಸಕ್ಕೂ ಬೇಗ ಮರಳಬಹುದು. ಕೂಲಿಯಿಂದ ಬದುಕುವವರಿಗೆ ಇದರ ಬೆಲೆ ಗೊತ್ತು. ಇನ್ನೊಂದು ಲಾಭ ಹೆಂಗಸರಿಗೆ: ನೋವು ಅಪೆಂಡಿಕ್ಸ್‌ನದೋ, ಅಂಡಾಶಯದ್ದೋ ಎಂಬ ಅನುಮಾನವಿದ್ದರೆ ಕ್ಯಾಮೆರಾದಲ್ಲಿ ಎರಡನ್ನೂ ನೋಡಬಹುದು.

ಮಿತಿಗಳೂ ಇವೆ. ಪೂರ್ತಿ ಮಂಪರು ಕೊಡಬೇಕಾಗುತ್ತದೆ. ಯಂತ್ರ ಬೇಕು, ಪಳಗಿದ ಕೈ ಬೇಕು, ಆಪರೇಷನ್ ಖರ್ಚು ಹೆಚ್ಚಬಹುದು. ತೀವ್ರ ಕಾಯಿಲೆಯಲ್ಲಿ ಕೀ ಹೋಲ್ ಮಾಡಿದರೆ ಹೊಟ್ಟೆಯೊಳಗೆ ಮತ್ತೆ ಕೀವು ಕಟ್ಟುವುದು ಜಾಸ್ತಿ ಎಂಬ ಆತಂಕ ಮೊದಲು ಇತ್ತು. ಅನುಭವ ಹೆಚ್ಚಿದ ಹಾಗೆ ಆ ವ್ಯತ್ಯಾಸ ಬಹಳ ಕಡಿಮೆಯಾಗಿದೆ. ಆದರೂ ಕರುಳು ಅಂಟಿಕೊಂಡಿದ್ದರೆ ಮಧ್ಯದಲ್ಲೇ ಹೊಟ್ಟೆ ತೆರೆಯಬೇಕಾಗಬಹುದು. ಸಹಿ ಹಾಕಿಸುವ ಮುಂಚೆ ಇದನ್ನು ಹೇಳಿರುತ್ತಾರೆ. ಅದು ಡಾಕ್ಟರರ ಸೋಲಲ್ಲ, ಜೀವ ಉಳಿಸುವ ದಾರಿ.

“ಹಾಗಾದ್ರೆ ಯಾವ್ದು ಮಾಡಿಸ್ಬೇಕು ಹೇಳಿ” ಅಂತೀರಿ. ನಮ್ಮ ಉತ್ತರ: ಒಂದೇ ಆಸ್ಪತ್ರೆಯಲ್ಲಿ ಎರಡೂ ಇದ್ದು, ಡಾಕ್ಟರು ಆಗುತ್ತದೆ ಅಂದರೆ ಕೀ ಹೋಲ್ ಒಳ್ಳೆಯದು. ಅದು ಅಲ್ಲಿಲ್ಲದಿದ್ದರೆ, ಕೀವು ಹರಡಿದವರನ್ನು ಗಾಯದ ಚಂದಕ್ಕಾಗಿ ಊರೂರು ಸುತ್ತಿಸಬೇಡಿ. ದೊಡ್ಡ ಆಸ್ಪತ್ರೆ ಬೇಕೆಂದು ಡಾಕ್ಟರೇ ಕಳುಹಿಸಿದರೆ ಮಾತ್ರ ತಡಮಾಡದೆ ಹೊರಡಿ. ಎರಡೂ ವಿಧಾನದಿಂದ ರೋಗ ವಾಸಿಯಾಗುತ್ತದೆ. ಕೊಲ್ಲುವುದು ಕಾಯಿಲೆಯ ತಡ, ಹೊಲಿಗೆಯ ಉದ್ದ ಅಲ್ಲ.

ಕೆಲವರಿಗೆ ಅಪೆಂಡಿಕ್ಸ್ ಸುತ್ತ ಗಡ್ಡೆಯಂತೆ ಕಟ್ಟಿರುತ್ತದೆ. ಅಂಥವರಿಗೆ ಮೊದಲು ಆಂಟಿಬಯೋಟಿಕ್ ಕೊಟ್ಟು, ಬೇಕಾದರೆ ನಂತರ ಆಪರೇಷನ್ ಮಾಡುತ್ತಾರೆ. “ಡಾಕ್ಟರು ಸುಮ್ನೆ ಕಾಯಿಸ್ತಿದ್ದಾರೆ” ಅಂತ ಜಗಳಕ್ಕೆ ಹೋಗಬೇಡಿ, ಕಾರಣ ಕೇಳಿ.

ನೆನಪಿಡಬೇಕಾದ ವಿಷಯಗಳು:

• ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಗೆ ಇಳಿಯುವ ನೋವು, ಊಟ ಬೇಡವಾಗುವುದು, ವಾಂತಿ, ಜ್ವರ, ಕೆಮ್ಮಿದರೆ ಅಥವಾ ನಡೆದರೆ ಹೆಚ್ಚುವ ನೋವು – ಅದೇ ದಿನ ಆಸ್ಪತ್ರೆಗೆ ಹೋಗಿ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರಲ್ಲಿ ಲಕ್ಷಣ ಸ್ಪಷ್ಟವಾಗಿರುವುದಿಲ್ಲ. ಇನ್ನೂ ಎಚ್ಚರ ಬೇಕು.

• ಹರಳೆಣ್ಣೆ, ಭೇದಿ ಮಾತ್ರೆ ಕೊಡಬೇಡಿ. ಆಪರೇಷನ್ ಆಗಬಹುದಾದ್ದರಿಂದ ಊಟ ಕೊಡಬೇಡಿ.

• ‘ಮುಟ್ಟಿನ ನೋವು’ ಅಂತ ನೀವೇ ತೀರ್ಮಾನ ಮಾಡಬೇಡಿ.

• ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ರೇಷನ್ ಕಾರ್ಡ್, ಆಧಾರ್, ಆಯುಷ್ಮಾನ್ ಕಾರ್ಡ್ ಒಂದೇ ಚೀಲದಲ್ಲಿ ಇಟ್ಟಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಈ ಆಪರೇಷನ್‌ಗೆ ಅಲ್ಲಿ ಸಿಗುತ್ತದೆಯೇ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ.

• ಪ್ರತಿ ಸಂಘವೂ ಆಸ್ಪತ್ರೆ ಖರ್ಚಿಗೆ ತುರ್ತು ಸಾಲ ಕೊಡುವ ಬಗ್ಗೆ ಠರಾವು ಬರೆದಿಡಲಿ. ರಾತ್ರಿ ಹೊತ್ತಿನಲ್ಲಿ ಸಭೆ ಕರೆಯಲು ಆಗುವುದಿಲ್ಲ.

ಹೆಣ್ಣುಮಕ್ಕಳು ಮನೆಯವರ ಊಟ ಮುಗಿಸಿ, ಪಾತ್ರೆ ತೊಳೆದು, ಆಮೇಲೆ “ನಂಗೆ ಹೊಟ್ಟೆನೋವು” ಅನ್ನುತ್ತಾರೆ. ಆ ಸದಸ್ಯೆ ನಮಗೆ ಹೇಳಿದ್ದು ಇಷ್ಟೇ: “ಮೊದಲ ದಿನವೇ ಒಬ್ರಿಗಾದ್ರೂ ಹೇಳಿದ್ರೆ ಆಗ್ತಿತ್ತು.” ಇನ್ನು ಮುಂದೆ ನೋವಾದರೆ ಹೇಳೋಣ. ಪಕ್ಕದವಳು ಹೇಳಿದರೆ ಕಿವಿಗೊಡೋಣ. ಅದೂ ಸೇವೆಯೇ. ಎಲ್ಲರಿಗೂ ದೇವರು ಒಳ್ಳೆಯ ಆರೋಗ್ಯ ಕೊಡಲಿ.