ದುಡಿದು ನೊಂದ ಕೈಗೆ ಪರಿಹಾರವುಂಟೆ?



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಆಷಾಢ ಕಳೆದು ಶ್ರಾವಣ ಬಂದಿತೆಂದರೆ, ಹೊಗೆಸೊಪ್ಪಿನ ಎಲೆ ಮುರಿಯುವುದು, ಮುರಿದುದನ್ನು ದಾರದಿಂದ ಕಡ್ಡಿಗೆ ಕಟ್ಟುವುದು, ಕಡ್ಡಿಗಳನ್ನು ಎಲೆ ಬೇಯಿಸುವ ಬ್ಯಾರನ್ನಿಗೆ ಏರಿಸುವುದು, ಬೆಂದು ಇಳಿದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವುದು ಎಂದು, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಮಾರುಕಟ್ಟೆಗೆ ಬೇಲು ಹೋಗುವ ತನಕ ಹೆಣ್ಣಾಳುಗಳ ಬೆರಳಿಗೆ ವಿಶ್ರಾಂತಿಯೆಂಬುದಿಲ್ಲ. ಒಂದೇ ಚಲನೆಯನ್ನು ದಿನವಿಡೀ ಆವರ್ತಿಸುವುದರಿಂದ ಮಣಿಕಟ್ಟಿನ ಸ್ನಾಯುರಜ್ಜುಗಳು ಊದಿ, ಅವುಗಳ ನಡುವೆ ಹಾಯುವ ನರವು ಒತ್ತಿಹೋಗಿ, ಹೆಬ್ಬೆರಳೂ ಅದರ ಪಕ್ಕದ ಬೆರಳುಗಳೂ ರಾತ್ರಿಯ ಹೊತ್ತು ಜೋಮು ಹಿಡಿಯುತ್ತವೆ. ಕೂಲಿ ಕಡ್ಡಿಯ ಲೆಕ್ಕದಲ್ಲಿದ್ದರೆ ಕೈಗೆ ಬಿಡುವು ಕೊಡುವುದೂ ನಷ್ಟವೇ.

ಇಂಥ ನೋವಿಗೆ ಪರಿಹಾರ ದೊರೆಯುವುದೇ? ನಮ್ಮ ಕಾನೂನಿನ ದೃಷ್ಟಿ ಮುಖ್ಯವಾಗಿ ಅಪಘಾತದ ಮೇಲೆ ನೆಟ್ಟಿದೆ. 1923ರ ಪರಿಹಾರ ಕಾಯಿದೆಯು ಅಪಘಾತದ ಜೊತೆಗೆ ವೃತ್ತಿಜನ್ಯ ರೋಗಗಳ ಪಟ್ಟಿಯೊಂದನ್ನು ಅಂಗೀಕರಿಸಿತು. ಆ ಚೌಕಟ್ಟನ್ನೇ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಬಹುಮಟ್ಟಿಗೆ ಮುಂದುವರಿಸಿದೆ. ಸೀಸದ ವಿಷ, ಪಾದರಸದ ವಿಷ, ಸದ್ದಿನಿಂದಾಗುವ ಕಿವುಡುತನ ಎಲ್ಲವೂ ಆ ಪಟ್ಟಿಯಲ್ಲಿವೆ. ಆವರ್ತನಶ್ರಮದಿಂದ ಕೆಟ್ಟ ಕೈಯ ಹೆಸರು ಮಾತ್ರ ಇಲ್ಲ. ಬ್ರಿಟನ್ನಾದರೋ ತಂತಿ ಗುಮಾಸ್ತರ ಕೈಸೆಳೆತವನ್ನು 1908ರಲ್ಲಿಯೇ ಇಂಥ ಪಟ್ಟಿಗೆ ಸೇರಿಸಿತ್ತು. ಆ ದೇಶದ ಕಾಯಿದೆಯ ಮಾದರಿಯನ್ನು ಹಿಡಿದ ನಾವು ಇದೊಂದನ್ನು ಬಿಟ್ಟುದು ನ್ಯೂನತೆಯೇ ಸರಿ.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಪಟ್ಟಿಯಲ್ಲಿಲ್ಲದ ವ್ಯಾಧಿಯಾದರೂ, ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದಲೇ ಒದಗಿದ ನಿರ್ದಿಷ್ಟ ಪೆಟ್ಟಿನಿಂದ ನೇರವಾಗಿ ಉಂಟಾದುದೆಂದು ಸಿದ್ಧವಾದರೆ ಪರಿಹಾರಕ್ಕೆ ಅರ್ಹವಾಗುತ್ತದೆ. ಬೇಲು ಎತ್ತುವಾಗ ಭುಜದ ಸ್ನಾಯು ಹರಿದರೆ ಅದು ಅಪಘಾತ. ವರುಷಗಳಿಂದ ಸವೆದ ಮಣಿಕಟ್ಟಿನ ವಿಷಯದಲ್ಲಿ ವಾದ ಕಠಿಣ. ಹಕ್ಕು ಸಿದ್ಧವಾದರೆ, ತಾತ್ಕಾಲಿಕ ಅಶಕ್ತತೆಗೆ ಮಾಸಿಕ ವೇತನದ ಶೇಕಡಾ 25ರಷ್ಟು ಅರ್ಧ ತಿಂಗಳಿಗೊಮ್ಮೆ ಸಲ್ಲಬೇಕು. ಗೋದಾಮಿನಲ್ಲಿ ಮೇಸ್ತ್ರಿಯ ಮೂಲಕ ಎಲೆ ವಿಂಗಡಿಸುವವರ ಹೊಣೆಯಿಂದ ಮೂಲ ಮಾಲೀಕನು ನುಣುಚಿಕೊಳ್ಳುವಂತಿಲ್ಲ. ಬೇಸಾಯದ ಮಟ್ಟಿಗೆ ಕಾಯಿದೆಯ ವ್ಯಾಪ್ತಿ ಸೀಮಿತವಾಗಿದ್ದುದರಿಂದ, ಸಣ್ಣ ರೈತನ ಅಂಗಳದಲ್ಲಿ ಕೈಯಿಂದ ಎಲೆ ಕಟ್ಟುವವರ ಹಕ್ಕು ಮಾತ್ರ ವಿವಾದಾಸ್ಪದ.

ಆದುದರಿಂದ ತಾಯಂದಿರೇ, ಕೈ ಜೋಮು ಹಿಡಿದಾಗ ಎಣ್ಣೆ ತಿಕ್ಕಿ ಸುಮ್ಮನಾಗದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಏನು ಕೆಲಸ, ಎಷ್ಟು ಕಾಲದಿಂದ, ನೋವು ಎಂದು ಮೊದಲಾಯಿತು ಎಂಬುದನ್ನು ಇದ್ದುದು ಇದ್ದಂತೆ ಹೇಳಿ ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ. ಕೂಲಿಯ ಲೆಕ್ಕವನ್ನು ಜೋಪಾನವಾಗಿಡಿರಿ. ಮಾಲೀಕನಿಗೆ ಲಿಖಿತವಾಗಿ ತಿಳಿಸಿರಿ. ಹಳೆಯ ಕಾಯಿದೆಯು ಪರಿಹಾರದ ಅರ್ಜಿಗೆ ಎರಡು ವರುಷಗಳ ಅವಧಿ ಕೊಟ್ಟಿತ್ತು, ಅಷ್ಟು ಕಾಯಲೇಬೇಡಿರಿ. ವಕೀಲರ ವೆಚ್ಚಕ್ಕೆ ಅಂಜಬೇಕಾಗಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತ ನೆರವು ಉಂಟು. ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿರಿ.