ಮಾಡುವವರೊಬ್ಬರು, ತಾಳೆ ನೋಡುವವರೊಬ್ಬರು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಪಂಪ ರನ್ನರನ್ನೂ ಹಂಪೆ ಬೇಲೂರುಗಳನ್ನೂ ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ನೆರವೇರಿಸಿದ್ದಾರೆ. ನಾನು ಬಿ.ಕಾಂ. ಓದಿ, ಇಲ್ಲಿಯ ಎಸ್ಪ್ಲನೇಡಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವವನು. ಜಮಾಖರ್ಚು ಬಲ್ಲೆನೇ ಹೊರತು ಯಂತ್ರವಿದ್ಯೆ ಬಲ್ಲವನಲ್ಲ. ಆದರೂ ಕಾರ್ಯದರ್ಶಿಗಳು, "ನಮ್ಮ ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ನಾಲ್ಕು ಮಾತು ಹೇಳಿ" ಎಂದಾಗ, ವರ್ಷದಿಂದ ನನ್ನ ಮನಸ್ಸಿನಲ್ಲಿರುವ ಒಂದು ಸಂಗತಿಯನ್ನು ತಮ್ಮ ಮುಂದಿಡಬಹುದೆಂದು ತೋರಿತು. ನಾಲ್ಕಾರು ವಿದ್ಯಾರ್ಥಿಗಳು ಕೂಡಿ, ಜನರಿಗೆ ಬೇಕಾದ ಹೊಸ ವಸ್ತುವೊಂದನ್ನು ಯೋಚಿಸಿ, ಅದರ ಮಾದರಿಯನ್ನು ಕೈಯಾರೆ ಮಾಡಿ, ಪರೀಕ್ಷಿಸಿ, ತಿದ್ದಿ ಕಲಿಯುವ ವಿದ್ಯೆಯ ಸಂಗತಿ ಅದು. ಕಾಲೇಜುಗಳಲ್ಲಿ ಇದನ್ನು ಪ್ರಾಜೆಕ್ಟ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಕಾಲಹರಣ ಎನ್ನುತ್ತಾರೆ.

ಹಾಗೆನ್ನುವುದಕ್ಕೆ ಕಾರಣವಿಲ್ಲದೆ ಇಲ್ಲ. ನಾವೆಲ್ಲ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಇಲ್ಲಿ ನಮಗೆ ಹೊಲಮನೆಯಿಲ್ಲ. ಮಕ್ಕಳ ಪರವಾಗಿ ಒಂದು ಮಾತು ಹೇಳಿಸೋಣವೆಂದರೆ ಬಂಧುಬಳಗವಿಲ್ಲ. ಮಕ್ಕಳ ಅಂಕಪಟ್ಟಿಯೊಂದೇ ನಮ್ಮ ಆಸ್ತಿ. ಅಂಥದರಲ್ಲಿ ಮಗಳು ಸಂಜೆ ಏಳಕ್ಕೆ ಬರಬೇಕಾದವಳು ಒಂಬತ್ತಕ್ಕೆ ಬಂದು, ಕೈಗೆಲ್ಲ ಗೋಂದು ಮೆತ್ತಿಕೊಂಡು, "ರಟ್ಟು ಕತ್ತರಿಸುತ್ತಿದ್ದೆವು ಅಪ್ಪಾ" ಎಂದರೆ ತಂದೆಯಾದವನಿಗೆ ಸಿಟ್ಟು ಬರುವುದು ಸಹಜ. ಆ ರಟ್ಟಿನಲ್ಲಿ ಏನಿದೆ ಎಂಬುದನ್ನೇ ಈ ದಿನ ಹೇಳಬೇಕೆಂದಿದ್ದೇನೆ.

ಮಾದರಿ ಎಂದರೇನು? ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾವಲಿಯ ಮೇಲೆ ಹುಯ್ಯುವ ಮೊದಲ ದೋಸೆ ಯಾರ ಎಲೆಗೂ ಹೋಗುವುದಿಲ್ಲ. ಕಾವು ಹೆಚ್ಚಾಯಿತೇ, ಹಿಟ್ಟು ನೀರಾಯಿತೇ ಎಂಬುದನ್ನು ಅದು ಹೇಳುತ್ತದೆ. ಹತ್ತಾರು ದೋಸೆ ಅದರಿಂದ ನೆಟ್ಟಗಾಗುತ್ತವೆ. ದೊಡ್ಡವರ ಕೆಲಸವೂ ಹೀಗೆಯೇ. ಎಸ್ಪ್ಲನೇಡಿನಿಂದ ಹೂಗ್ಲಿ ನದಿಯ ಅಡಿಯಲ್ಲಿ ಹೌರಾ ಮೈದಾನಕ್ಕೆ ಹೋಗುವ ಮೆಟ್ರೋ ರೈಲನ್ನು ಈಗ ನಾವೆಲ್ಲ ಹತ್ತಿದ್ದೇವೆ. ಜನರಿಗೆ ಅದು ತೆರೆದುದು ೨೦೨೪ರ ಮಾರ್ಚಿಯಲ್ಲಿ. ಆದರೆ ನದಿಯಡಿಯಲ್ಲಿ ಮೊದಲ ರೈಲು ಪ್ರಯಾಣಿಕರಿಲ್ಲದೆ ಓಡಿದ್ದು ೨೦೨೩ರ ಏಪ್ರಿಲಿನಲ್ಲಿ. ನಡುವಿನ ಹನ್ನೊಂದು ತಿಂಗಳು ಹಳಿ, ವಿದ್ಯುತ್ತು, ಗಾಳಿ, ಸಂಕೇತದೀಪ ಎಲ್ಲವನ್ನೂ ತಾಳೆ ನೋಡಿದರು. ಅದನ್ನು ಯಾರೂ ಕಾಲಹರಣ ಎನ್ನಲಿಲ್ಲ.

ವಿದ್ಯಾರ್ಥಿಗಳು ಕೂಡಿ ಮಾಡಿದ ಕೆಲಸಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ೨೦೧೦ರ ಜುಲೈ ೧೨ರಂದು ಶ್ರೀಹರಿಕೋಟಾದಿಂದ ಹಾರಿದ ಪಿ.ಎಸ್.ಎಲ್.ವಿ. ಸಿ-೧೫ ರಾಕೆಟ್ಟಿನಲ್ಲಿ ಕಾರ್ಟೋಸ್ಯಾಟ್-೨ಬಿ ಎಂಬ ದೊಡ್ಡ ಉಪಗ್ರಹದ ಜೊತೆಗೆ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವೊಂದಿತ್ತು. ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ನಮ್ಮ ಅಡಿಗೆಮನೆಯ ಡಬ್ಬಿಯಷ್ಟು ಗಾತ್ರ. ಇದನ್ನು ಮಾಡಿದವರು ಕರ್ನಾಟಕ ಮತ್ತು ಆಂಧ್ರಪ್ರದೇಶದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಮುಂದಾಳಾಗಿ ನಿಂತುದು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯ. ಮಾರ್ಗದರ್ಶನ ಇಸ್ರೋ ಸಂಸ್ಥೆಯದು. ನಮ್ಮ ದೇಶದಲ್ಲಿ ತಯಾರಾದ ಇಷ್ಟು ಚಿಕ್ಕ ಉಪಗ್ರಹಗಳಲ್ಲಿ ಇದೇ ಮೊದಲನೆಯದು.

ಇಂಥ ಪುಟ್ಟ ಉಪಗ್ರಹದ ಕಲ್ಪನೆ ಬಂದುದೂ ವಿದ್ಯಾರ್ಥಿಗಳಿಗಾಗಿಯೇ. ೧೯೯೯ರಲ್ಲಿ ಅಮೆರಿಕದ ಬಾಬ್ ಟ್ವಿಗ್ಸ್ ಮತ್ತು ಜೋರ್ಡಿ ಪುಯಿಗ್ ಸ್ವಾರಿ ಎಂಬ ಇಬ್ಬರು ಪ್ರಾಧ್ಯಾಪಕರು, ವಿದ್ಯಾರ್ಥಿಯೊಬ್ಬನು ಕಾಲೇಜು ಬಿಡುವುದರೊಳಗೆ ಮಾಡಿ ಮುಗಿಸಬಹುದಾದ ಉಪಗ್ರಹ ಎಷ್ಟು ದೊಡ್ಡದಿರಬೇಕು ಎಂದು ಯೋಚಿಸಿ, ಹತ್ತು ಸೆಂಟಿಮೀಟರಿನ ಘನವನ್ನು ಅಳತೆಯಾಗಿ ಗೊತ್ತುಮಾಡಿದರು. ಟ್ವಿಗ್ಸರು ಅಂಗಡಿಯಲ್ಲಿ ಕಂಡ, ಮಕ್ಕಳ ಬೊಂಬೆಯಿಡುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತಂದು ಅದನ್ನೇ ಮೊದಲ ಮಾದರಿಯಾಗಿಟ್ಟುಕೊಂಡರು.

ಲೆಕ್ಕದವನಾದ ನನಗೆ ಈ ಕೆಲಸದಲ್ಲಿ ಹಿಡಿಸಿದುದು ಒಂದು ವಿಷಯ. ಇಂಥ ಉಪಗ್ರಹದಲ್ಲಿ ತೂಕಕ್ಕೆ ಒಂದು ಖಾತೆ, ವಿದ್ಯುತ್ತಿಗೆ ಒಂದು ಖಾತೆ ಇಡುತ್ತಾರೆ. ಒಟ್ಟು ಬಂಡವಾಳ ಒಂದು ಕಿಲೋ. ಕ್ಯಾಮರಾ ನೋಡಿಕೊಳ್ಳುವವನು ಐವತ್ತು ಗ್ರಾಂ ಹೆಚ್ಚಿಗೆ ಕೇಳಿದರೆ, ಬ್ಯಾಟರಿಯವನೋ ಚೌಕಟ್ಟಿನವನೋ ಐವತ್ತು ಗ್ರಾಂ ಬಿಟ್ಟುಕೊಡಲೇಬೇಕು. ವಿದ್ಯುತ್ತಿನ ವರಮಾನ ಸೂರ್ಯನಿಂದ. ಭೂಮಿಯ ನೆರಳಿಗೆ ಹೋದಾಗ ವರಮಾನ ನಿಂತು, ಕೂಡಿಟ್ಟುದರಲ್ಲೇ ಖರ್ಚು ನಡೆಯಬೇಕು. ಸಾಲ ಕೊಡುವ ಬ್ಯಾಂಕು ಅಲ್ಲಿಲ್ಲ. ಹೀಗೆ ಏಳು ಕಾಲೇಜುಗಳ ಹುಡುಗ ಹುಡುಗಿಯರು ಒಂದೇ ಖಾತೆಪುಸ್ತಕದಲ್ಲಿ ಬಾಳುವುದನ್ನು ಕಲಿಯಬೇಕಾಯಿತು. ಕಾಯುವುದನ್ನೂ ಕಲಿತರು. ಮೇ ತಿಂಗಳಲ್ಲಿ ಹಾರಬೇಕಾಗಿದ್ದ ರಾಕೆಟ್ಟು, ಎರಡನೆಯ ಹಂತದಲ್ಲಿ ಒತ್ತಡ ತುಸು ಇಳಿದುದು ಪರೀಕ್ಷೆಯಲ್ಲಿ ಕಂಡುಬಂದು, ಜುಲೈವರೆಗೆ ನಿಂತಿತು. ತಾಳೆ ಬೀಳದೆ ಪುಸ್ತಕ ಮುಚ್ಚಬಾರದೆಂಬ ನಿಯಮ ಅಲ್ಲಿಯೂ ಉಂಟು.

ಉಪಗ್ರಹ ನಮ್ಮ ಕೈಗೆಟುಕುವ ಮಾತಲ್ಲ ಎನ್ನುವಿರಿ. ಕೈಗೆಟುಕುವ ಇನ್ನೊಂದನ್ನು ಹೇಳುತ್ತೇನೆ. ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಈ ನಗರದ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳೂ, ಇಬ್ಬರು ಬಂಗಾಳಿ ಹುಡುಗರೂ, ಒಬ್ಬ ಮಾರವಾಡಿ ಹುಡುಗಿಯೂ ಸೇರಿ ಒಂದು ತಂಡ. ವೃದ್ಧರಿಗೆ ಉಪಯೋಗವಾಗುವ ವಸ್ತುವೊಂದನ್ನು ಮಾಡಬೇಕೆಂದು ಅವರ ಅಧ್ಯಾಪಕರು ಹೇಳಿದ್ದರು. ಕಳೆದ ವರ್ಷ ನವೆಂಬರಿನಲ್ಲಿ, ವ್ಯವಸ್ಥಾಪಕರ ಒಪ್ಪಿಗೆ ಪಡೆದು, ಆ ನಾಲ್ವರು ನಮ್ಮ ಶಾಖೆಗೆ ಬಂದರು. ನವೆಂಬರ್ ಎಂದರೆ ನಮಗೆ ರಾಜ್ಯೋತ್ಸವದ ತಿಂಗಳು. ಬ್ಯಾಂಕಿನವರಿಗೆ ಪಿಂಚಣಿದಾರರು ತಾವು ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡಲು ಬರುವ ತಿಂಗಳು. ೨೦೧೪ರಿಂದ ಬೆರಳಚ್ಚಿನ ಯಂತ್ರದ ಮೂಲಕವೂ ಇದನ್ನು ಕೊಡಬಹುದು. ಆದರೂ ಮುದುಕರು ಅನೇಕರು ಕಾಗದವನ್ನೇ ನಂಬಿ ಬರುತ್ತಾರೆ.

ವಿದ್ಯಾರ್ಥಿಗಳು ಬರುವಾಗಲೇ ಒಂದು ಯೋಚನೆ ತಂದಿದ್ದರು. ಕಣ್ಣು ಮಂದವಾದವರಿಗಾಗಿ ದೊಡ್ಡ ಅಕ್ಷರದ ಅರ್ಜಿಯೊಂದನ್ನು ಮಾಡಬೇಕೆಂದು. ಎರಡು ದಿನ ಬೆಂಚಿನ ಮೇಲೆ ಕುಳಿತು ಮುದುಕರನ್ನು ಮಾತನಾಡಿಸಿದ ಮೇಲೆ ಆ ಯೋಚನೆ ಬಿಟ್ಟರು. ಒಬ್ಬ ವೃದ್ಧರು ಹೇಳಿದರಂತೆ: "ಓದುವುದು ನನಗೆ ಬೇಡಮ್ಮ, ಅದನ್ನು ಗುಮಾಸ್ತರು ಓದಿ ಹೇಳುತ್ತಾರೆ. ಸಹಿ ಎಲ್ಲಿ ಹಾಕಬೇಕೋ ಅದೇ ಕಾಣದು. ಗೆರೆ ತಪ್ಪಿ ಓರೆಯಾದರೆ ಸಹಿ ಹೊಂದುವುದಿಲ್ಲ ಎನ್ನುತ್ತಾರೆ." ಕೇಳದೆ ಮಾಡಿದ್ದರೆ ಬೇಡದ ವಸ್ತು ತಯಾರಾಗುತ್ತಿತ್ತು.

ಆಗ ಮಿಠಾಯಿ ಪೆಟ್ಟಿಗೆಯ ರಟ್ಟಿನಲ್ಲಿ ಒಂದು ಕಿಂಡಿ ಕತ್ತರಿಸಿ, ಕಾಗದದ ಮೇಲಿಟ್ಟು, ಕಿಂಡಿಯೊಳಗೆ ಸಹಿ ಮಾಡುವಂತೆ ಮೊದಲ ಮಾದರಿ ಮಾಡಿದರು. ಇಂಗ್ಲಿಷಿನಲ್ಲಿ ಸಹಿ ಮಾಡುವವರಿಗೆ ಅದು ಚೆನ್ನಾಗಿಯೇ ಒದಗಿತು. ಮೂರನೆಯ ದಿನ ನಮ್ಮವರೇ ಒಬ್ಬ ಹಿರಿಯರು ಬಂದರು. ಕೆಲಸಕ್ಕೆ ಸೇರಿದಂದಿನಿಂದ ಕನ್ನಡದಲ್ಲಿಯೇ ಸಹಿ ಮಾಡುವವರು. ಹೆಸರಿನಲ್ಲಿ ಎರಡು ಒತ್ತಕ್ಷರ. ಲೇಖನಿ ಕಿಂಡಿಯ ಕೆಳ ಅಂಚಿಗೆ ತಗುಲಿ ಎರಡು ಒತ್ತೂ ರಟ್ಟಿನ ಮೇಲೆಯೇ ಉಳಿದವು. ಬ್ಯಾಂಕಿನಲ್ಲಿರುವ ನಮೂನೆಯ ಸಹಿಯೇ ಬೇರೆ, ಕಾಗದದ ಮೇಲಿನ ಸಹಿಯೇ ಬೇರೆ ಆಯಿತು. ಬಂಗಾಳಿ ಮುದುಕಿಯೊಬ್ಬರಿಗೂ ಇದೇ ಪಾಡು. ಅವರ ಲಿಪಿಯಲ್ಲಿಯೂ ಉಕಾರ ಗೆರೆಯ ಕೆಳಗೆ ಇಳಿಯುತ್ತದೆ. ಮಾಡಿದ ನಾಲ್ವರೂ ಇಂಗ್ಲಿಷಿನಲ್ಲಿ ಸಹಿ ಮಾಡುವವರಾದ್ದರಿಂದ ಇದು ಯಾರಿಗೂ ಹೊಳೆದಿರಲಿಲ್ಲ.

ಕಿಂಡಿಯನ್ನು ಅಗಲ ಮಾಡಿದರು. ಆಗ ಕೈಗೆ ಗೆರೆಯ ಆಸರೆ ತಪ್ಪಿ ಸಹಿ ಮತ್ತೆ ಓರೆಯಾಯಿತು. ಕೊನೆಗೆ ಕೆಳ ಅಂಚನ್ನು ತೆಗೆದು, ಅದರ ಜಾಗದಲ್ಲಿ ಹಿಗ್ಗುವ ರಬ್ಬರಿನ ಎಳೆಯೊಂದನ್ನು ಕಟ್ಟಿದರು. ಬೆರಳಿಗೆ ಎಳೆ ತಿಳಿಯುತ್ತದೆ. ಒತ್ತಕ್ಷರ ಬರೆಯುವಾಗ ಲೇಖನಿಗೆ ದಾರಿ ಬಿಡುತ್ತದೆ. ಬಿಳಿಯ ಕಾಗದದ ಮೇಲೆ ಎದ್ದು ಕಾಣಲೆಂದು ಚೌಕಟ್ಟಿಗೆ ಕಪ್ಪು ಬಣ್ಣ; ಜಾರದಿರಲೆಂದು ಅಡಿಯಲ್ಲಿ ರಬ್ಬರಿನ ತುಣುಕು; ಸಹಿ ಎಲ್ಲಿ ಆರಂಭವಾಗಬೇಕೆಂದು ತಿಳಿಯಲು ಎಡಗಡೆ ದಪ್ಪ ಅಂಚು. ರಟ್ಟಿನಲ್ಲಿ ಐದು ಸಲ ಮಾಡಿ ಕೆಡಿಸಿದ ಮೇಲೆಯೇ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದ್ದು. ಅಂಥ ಮೂರು ಚೌಕಟ್ಟುಗಳು ಈಗಲೂ ನಮ್ಮ ಕೌಂಟರಿನಲ್ಲಿವೆ. ದೊಡ್ಡ ಸಂಶೋಧನೆ ಎನ್ನಲಾರೆ. ಇಂಥ ಉಪಕರಣಗಳು ಲೋಕದಲ್ಲಿ ಬೇರೆ ಕಡೆಯೂ ಇವೆ. ಆದರೆ ಆ ಹಿರಿಯರು ತಮ್ಮ ಹೆಸರನ್ನು ಒತ್ತು ಸಹಿತ ಪೂರ್ತಿಯಾಗಿ ಬರೆದು, ಯಾರ ಕೈಯನ್ನೂ ಹಿಡಿಯದೆ ಎದ್ದು ಹೋದರು.

ಇನ್ನು ಆ ಹುಡುಗಿಯ ತಂದೆಯವರ ಮಾತಿಗೆ ಬರುತ್ತೇನೆ. ಅವರು ನನ್ನನ್ನು ಕೇಳಿದರು: "ಅಲ್ಲ ಸ್ವಾಮಿ, ಕೆಲಸವೆಲ್ಲ ಇಬ್ಬರು ಮಾಡಿ, ಅಂಕ ಮಾತ್ರ ನಾಲ್ವರಿಗೂ ಸಮನಾಗಿ ಹಂಚಿದರೆ ಇದಾವ ನ್ಯಾಯ?" ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ತಂಡದ ಕೆಲಸದಲ್ಲಿ ದುಡಿಯುವವರೂ ಇರುತ್ತಾರೆ, ಬರಿಯ ಹೆಸರು ಹಾಕಿಸಿಕೊಳ್ಳುವವರೂ ಇರುತ್ತಾರೆ. ಇದಕ್ಕೆ ಬ್ಯಾಂಕಿನವರ ಬಳಿ ಎರಡು ಹಳೆಯ ಮದ್ದುಗಳಿವೆ. ಒಂದನೆಯದು ಕಿರ್ದಿ. ಯಾವ ದಿನ ಯಾರು ಏನು ಮಾಡಿದರು, ಏನು ಕೆಟ್ಟಿತು, ಏಕೆ ಬದಲಾಯಿಸಿದರು ಎಂಬುದನ್ನು ಅಂದಂದೇ ಬರೆದಿಟ್ಟರೆ ಅಧ್ಯಾಪಕರಿಗೆ ಅಂಕ ಕೊಡುವುದು ಸುಲಭ. ಮೈಗಳ್ಳನಿಗೆ ಅಡಗುವುದು ಕಷ್ಟ. ಎರಡನೆಯದು, ಒಬ್ಬರು ಬರೆದುದನ್ನು ಇನ್ನೊಬ್ಬರು ತಾಳೆ ನೋಡಿ ಸಹಿ ಹಾಕಬೇಕೆಂಬ ಕಟ್ಟಳೆ. ನಾನು ಎಷ್ಟೇ ನಂಬಿಗಸ್ತನಾಗಿರಲಿ, ನಾನು ಬರೆದ ಚೀಟಿಯನ್ನು ನಾನೇ ಮಂಜೂರು ಮಾಡುವಂತಿಲ್ಲ. ಕತ್ತರಿಸಿದವನಿಗೆ ತನ್ನ ಕಿಂಡಿ ಸರಿಯಾಗಿಯೇ ಕಾಣುತ್ತದೆ. ಅದು ಚಿಕ್ಕದೆಂದು ತೋರಿಸಿಕೊಡಲು ಒತ್ತಕ್ಷರ ಬರೆಯುವ ಬೇರೊಂದು ಕೈ ಬೇಕು.

ಮಹನೀಯರೇ, ಇದು ನಮ್ಮ ಮಕ್ಕಳಿಗೆ ವಿಶೇಷವಾಗಿ ಬೇಕಾದ ವಿದ್ಯೆಯೆಂದು ನನ್ನ ಭಾವನೆ. ಅವರು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷು ಆಡುವವರು. ನಾಳೆ ಎಲ್ಲಿಯೇ ಕೆಲಸಕ್ಕೆ ಸೇರಲಿ, ತಮ್ಮ ಮಾತು ಬಾರದ ಹತ್ತು ಜನರೊಡನೆ ಕೂಡಿ ಒಂದು ವಸ್ತುವನ್ನು ಮುಗಿಸಿಕೊಡಬೇಕಾಗುತ್ತದೆ. ತಪ್ಪನ್ನು ತೋರಿಸಿದವನ ಮೇಲೆ ಮುನಿಯದೆ ತಿದ್ದಿಕೊಳ್ಳುವುದನ್ನು ಪರೀಕ್ಷೆಯ ಉತ್ತರಪತ್ರಿಕೆ ಕಲಿಸಲಾರದು. ಅದನ್ನು ಕಲಿಯದೆ ಬಂದವರ ಕಷ್ಟವನ್ನು ನಮ್ಮ ನಮ್ಮ ಕಚೇರಿಗಳಲ್ಲಿ ನಾವೆಲ್ಲ ಕಂಡವರೇ.

ಸಾಧನಗಳಿಗೂ ಇಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಹುಡುಗರಿಗೆ ಎಸ್.ಪಿ. ರಸ್ತೆ ಹೇಗೋ, ನಮ್ಮ ಮಕ್ಕಳಿಗೆ ಎಸ್ಪ್ಲನೇಡಿನಿಂದ ನಡೆದೇ ಹೋಗಬಹುದಾದ ಚಾಂದನಿ ಚೌಕದ ಪೇಟೆ ಹಾಗೆ. ತಂತಿ, ಪುಟ್ಟ ಮೋಟಾರು, ದೀಪ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಗುರುಸದಯ ರಸ್ತೆಯಲ್ಲಿ ೧೯೫೯ರಿಂದ ಬಿರ್ಲಾ ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಅದರ ತಂಗಿಯಿದ್ದಂತೆ. ಎರಡನ್ನೂ ನಡೆಸುವ ಮಂಡಳಿಯ ಮುಖ್ಯ ಕಚೇರಿ ಇದೇ ಕಲ್ಕತ್ತೆಯಲ್ಲಿದೆ. ೨೦೧೬ರಿಂದ ನೀತಿ ಆಯೋಗವು ೬ರಿಂದ ೧೨ನೆಯ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳನ್ನು ನಡೆಸಲು, ಆಯ್ದ ಶಾಲೆಗಳಿಗೆ ೨೦ ಲಕ್ಷ ರೂಪಾಯಿಗಳವರೆಗೆ ನೆರವು ಕೊಡುತ್ತ ಬಂದಿದೆ. ತಮ್ಮ ಮಕ್ಕಳ ಶಾಲೆಯಲ್ಲಿ ಅದಿದೆಯೇ, ಇದ್ದರೆ ಅದರ ಬೀಗ ತೆಗೆಯುತ್ತಾರೆಯೇ ಎಂದು ದಯವಿಟ್ಟು ವಿಚಾರಿಸಿ.

ಸಂಘದ ಮುಂದೆ ನನ್ನದೊಂದು ಸಣ್ಣ ಕೋರಿಕೆ. ತಿಂಗಳಿಗೆ ಎರಡು ಭಾನುವಾರ ನಮ್ಮ ಕೊಠಡಿಯಲ್ಲಿ ಒಂದು ಮೇಜು, ಕತ್ತರಿ, ರಟ್ಟು, ಗೋಂದು, ಅಳತೆಪಟ್ಟಿ ಇಷ್ಟನ್ನು ಇಡೋಣ. ನಾಲ್ಕು ನಾಲ್ಕು ಮಕ್ಕಳ ತಂಡ ಮಾಡೋಣ. ನೆರೆಯ ಬಂಗಾಳಿ ಮಕ್ಕಳೂ ಬರಲಿ. ಯಾರಿಗಾಗಿ ಮಾಡುತ್ತಾರೋ ಅವರನ್ನು ಮೊದಲು ಕೇಳಿ ಬರಬೇಕು, ಕಿರ್ದಿ ಬರೆಯಬೇಕು, ಒಂದು ತಂಡದ ಮಾದರಿಯನ್ನು ಇನ್ನೊಂದು ತಂಡ ಪರೀಕ್ಷಿಸಬೇಕು. ಈ ಮೂರೇ ನಿಯಮ ಸಾಕು. ಮುಂದಿನ ರಾಜ್ಯೋತ್ಸವದಲ್ಲಿ ನಾಟಕ ಸಂಗೀತಗಳ ಜೊತೆಗೆ ಆ ಮಾದರಿಗಳನ್ನೂ, ಕೆಟ್ಟುಹೋದ ಮೊದಲ ಮಾದರಿಗಳನ್ನೂ ಒಂದೇ ಸಾಲಿನಲ್ಲಿ ಇಟ್ಟು ತೋರಿಸೋಣ. ಕಿರ್ದಿಪುಸ್ತಕ ನನ್ನ ಖರ್ಚಿನಲ್ಲಿ ತಂದುಕೊಡುತ್ತೇನೆ. ಭಾನುವಾರ ಬಂದು ಕುಳಿತುಕೊಳ್ಳಲೂ ಸಿದ್ಧನಿದ್ದೇನೆ. ಇನ್ನಿಬ್ಬರು ಕೈಗೂಡಿಸಿದರೆ ಡಿಸೆಂಬರಿನಲ್ಲಿಯೇ ಆರಂಭಿಸಬಹುದು.